ದೊಡ್ಡು ಹೊರಟಿದ್ದ ದಾರಿ

ಊರಿನವರು ಅಡುಗೆಗೆ ಅಕ್ಕಿ ತೊಳೆಯುವ ಹೊತ್ತಿಗೆ ಆ ಮನೆಯಲ್ಲಿ ರಾತ್ರಿಯ ಊಟ ಮುಗಿದು ತಟ್ಟೆಗಳು ಕವುಚಿ ಬಿದ್ದಿರುತ್ತಿದ್ದವು. ಯಜಮಾನ ಬ್ರೆಡ್ ಭಟ್ಟಿಯ ಹಿರಿಯ ಕೆಲಸಗಾರ. ನಡುರಾತ್ರಿ ಕಳೆದ ಕೂಡಲೇ ಎದ್ದು ಹೋಗಿ ಹಿಟ್ಟು ನಾದಿಸಿ, ಊರು ಕಣ್ಣುಜ್ಜುವುದರೊಳಗೆ ಬಿಸಿ ಬ್ರೆಡ್ಡನ್ನು ಅಂಗಡಿಗಳಿಗೆ ಮುಟ್ಟಿಸಬೇಕು. ಭಟ್ಟಿಯಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಅನ್ನುತ್ತಿದ್ದರು. ನಾಲ್ಕಕ್ಷರ ಕಲಿಯುವ ಮೊದಲೇ ಹಿಟ್ಟಿನ ಮೂಟೆ ಹೊತ್ತವನಿಗೆ ಈ ಪದವಿಯೊಂದು ಪುಕ್ಕಟೆ ಸಿಕ್ಕಿತ್ತು.

ಮೇಷ್ಟ್ರ ನಿದ್ದೆಯೇ ಆ ಮನೆಯ ಕಾನೂನು. ಎಂಟಕ್ಕೆ ಅವನು ಮುಂದಿನ ಕೋಣೆಯಲ್ಲಿ ಮನೆಗಿದ್ದ ಒಂದೇ ಹೊರಬಾಗಿಲಿಗೆ ಕಬ್ಬಿಣದ ಅಗುಳಿ ಜಡಿದು, ಬಾಗಿಲಿಗೇ ತಲೆ ಕೊಟ್ಟು ಮಂಚದ ಮೇಲೆ ಉರುಳಿದನೆಂದರೆ ಮುಗಿಯಿತು. ಆಮೇಲೆ ಚಮಚ ಬೀಳಬಾರದು, ಕೆಮ್ಮು ಬಂದರೆ ತಲೆದಿಂಬಿನೊಳಗೆ ಕೆಮ್ಮಬೇಕು. ಅಗುಳಿ ತೆಗೆದರೆ ಬೀದಿಗೆಲ್ಲ ಕೇಳುವ ಹಾಗೆ ಕಿರುಗುಟ್ಟುತ್ತಿತ್ತು. ಹಾಗಾಗಿ ಅವನು ಎದ್ದು ಹೊರಡುವ ತನಕ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ತಡವಾಗಿ ಬಂದವರು ಬಾಗಿಲು ಬಡಿಯುವಂತಿಲ್ಲ. ದೊಡ್ಡ ರಸ್ತೆ ಹಿಡಿದು ಭಟ್ಟಿಗೆ ಹೋಗಿ, ಅದರ ಹಿಂಬದಿಯ ಬಿಸಿ ಗೋಡೆಗೆ ಬೆನ್ನು ಕೊಟ್ಟು ಮಲಗಬೇಕು. ಮೇಷ್ಟ್ರು ಬಂದಾಗ ಎಬ್ಬಿಸಿ, ಬೈದು, ಮೊದಲ ಬ್ರೆಡ್ಡು ಕೊಡುತ್ತಾನೆ. ಬೇರೆ ಮನೆಯವರು ಕೇಳಿದರೆ ನಕ್ಕಾರು. ಈ ಮನೆಯಲ್ಲಿ ಅದು ಮಾಮೂಲಿ. ಮಗ ದೊಡ್ಡು ಹಾಗೆ ಎಷ್ಟು ಸಲ ಮಲಗಿ ಎದ್ದಿದ್ದನೋ ಲೆಕ್ಕವಿಟ್ಟವರಿಲ್ಲ.

ದೊಡ್ಡು ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ಮೀಸೆ ಚಿಗುರಿದ ಹುಡುಗ. ಒಂದು ಚಳಿಯ ರಾತ್ರಿ ಭಟ್ಟಿಯ ರಸ್ತೆಯಲ್ಲಿ ಲಾರಿಗೆ ಸಿಕ್ಕಿದ. ಅವತ್ತು ಬೆಳಿಗ್ಗೆಯಷ್ಟೇ ಅಪ್ಪ ಮಗನಿಗೆ ಮಾತಿಗೆ ಮಾತು ಬೆಳೆದಿತ್ತು. "ಸತ್ರೂ ಹಿಟ್ಟಿಗೆ ಕೈ ಹಾಕಲ್ಲ" ಎಂದು ಮಗ. "ಹಾಗಿದ್ರೆ ಈ ಮನೆ ಅನ್ನಕ್ಕೂ ಕೈ ಹಾಕ್ಬೇಡ" ಎಂದು ಅಪ್ಪ. ಆ ರಸ್ತೆಯಲ್ಲಿ ಅಷ್ಟು ಹೊತ್ತಿನಲ್ಲಿ ಹೋಗಲು ಭಟ್ಟಿ ಬಿಟ್ಟು ಬೇರೆ ಜಾಗವಿಲ್ಲ, ಹುಡುಗ ಹೊರಟಿದ್ದೂ ಭಟ್ಟಿಯ ಕಡೆಗೇ. ಇಷ್ಟರಿಂದ ಮೇಷ್ಟ್ರು ಒಂದು ಮಾತು ಕಟ್ಟಿಕೊಂಡಿದ್ದ.

"ಅವನು ನನ್ನ ಹತ್ರ ಕೆಲಸಕ್ಕೆ ಬರ್ತಿದ್ದ. ಜಗಳ ಆಡಿದ್ದು ಬೆಳಿಗ್ಗೆ, ಸಂಜೆಗೆ ಮನಸು ಬದಲಾಯ್ತು. ನಾನು ಬರೋದ್ರೊಳಗೆ ಒಲೆ ಹಚ್ಚಿಡೋಣ ಅಂತ ಹೊರಟಿದ್ದ."

ಹಿಟ್ಟಿನ ವ್ಯಾಪಾರಿಗೂ ಹೇಳಿದ, ಕ್ಷೌರದವನಿಗೂ ಹೇಳಿದ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೂ ಹೇಳಿದ. ಆ ಮಾತು ಊರಿಕೊಂಡೇ ಅವನು ಎದ್ದು ನಿಂತಿದ್ದು, ತಿಂದಿದ್ದು, ದುಡಿದಿದ್ದು, ಕಣ್ಣು ಮುಚ್ಚಿ ಮಲಗಿದ್ದು.

ಹೆಂಡತಿ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ಅಲ್ಲಿ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರಿಗೂ ಅವಳು ಇಸ್ತ್ರಿಯಕ್ಕ. ಬಿಸಿ ಪೆಟ್ಟಿಗೆಯ ಕೆಳಗೆ ಎಂಥ ಸುಕ್ಕೂ ಹೋಗುತ್ತದೆ ಎಂದು ಅವಳು ಹೊಸಬರಿಗೆ ಕಲಿಸುತ್ತಿದ್ದಳು. ತನ್ನೊಳಗಿನ ಒಂದನ್ನು ಮಾತ್ರ ಅವಳು ಮಡಿಸಿ ತಳದಲ್ಲಿ ಇಟ್ಟಿದ್ದಳು. ದೊಡ್ಡು ಆ ರಾತ್ರಿ ಮೊದಲು ಮನೆಗೇ ಬಂದಿದ್ದ. ಅದು ತನ್ನೊಬ್ಬಳಿಗೇ ಗೊತ್ತು ಎಂದು ಅವಳು ತಿಳಿದಿದ್ದಳು.

ಆ ತಿಳಿವಳಿಕೆ ಕೆಟ್ಟದ್ದು ಟೀವಿಯಿಂದ.

ವಾರಕ್ಕೊಮ್ಮೆ, ಏಳೂವರೆಗೆ, ‘ಒಂದ್ನಿಮಿಷ ಬಂದೆ’ ಎಂಬ ಧಾರಾವಾಹಿ ಬರುತ್ತಿತ್ತು. ಲಿಫ್ಟ್ ರಿಪೇರಿ ಮಾಡುವ ಡೊಳ್ಳುಹೊಟ್ಟೆಯವನೊಬ್ಬ ಅದರ ನಾಯಕ. ಹಳೇ ಕಚೇರಿ ಕಟ್ಟಡದ ಲಿಫ್ಟಿನಲ್ಲಿ ಅವನು ಕೆಳಗಿಳಿದರೆ ಮಹಡಿ ಇಳಿಯುವುದಿಲ್ಲ, ವರ್ಷ ಇಳಿಯುತ್ತದೆ. ವಾರಕ್ಕೊಬ್ಬರು ಅಳುತ್ತಾ ಬಂದು "ನಾನವತ್ತು ಹಾಗೆ ಮಾಡಬಾರದಿತ್ತು" ಅನ್ನುತ್ತಾರೆ. ಇವನು ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು "ಒಂದ್ನಿಮಿಷ ಬಂದೆ" ಎಂದು ಇಳಿದುಹೋಗಿ, ಆಗಬಾರದ್ದನ್ನು ತಪ್ಪಿಸಿ ಬರುತ್ತಾನೆ. ಬರುವಷ್ಟರಲ್ಲಿ ಏನಾದರೊಂದು ಎಡವಟ್ಟು ಆಗಿರಲೇಬೇಕು. ಒಂದು ವಾರ ಅವನ ಮೀಸೆ ಮಾಯ, ಇನ್ನೊಂದು ವಾರ ಅವನ ಹೆಂಡತಿ ಪಕ್ಕದ ಮನೆಯವನ ಹೆಂಡತಿ.

ಈ ಧಾರಾವಾಹಿಗೆ ಮನೆಯಲ್ಲಿ ಮೊದಲ ಅಭಿಮಾನಿ ಅಜ್ಜಿ, ಅಂದರೆ ಮೇಷ್ಟ್ರ ತಾಯಿ. ಕಿವಿ ಪೂರ್ತಿ ಮಂದ. ಟೀವಿಯ ದನಿ ಏರಿಸಿ ಏರಿಸಿ ಕಿಟಕಿ ಗಾಜು ನಡುಗಬೇಕು.

"ನನ್ನನ್ನ ಒಂದ್ಸಲ ಆ ಡಬ್ಬಿಯಲ್ಲಿ ಇಳಿಸ್ರೋ" ಅನ್ನುತ್ತಿದ್ದಳು. "ನಿಮ್ಮಪ್ಪನ್ನ ಮದುವೆ ಆಗೋ ದಿನ ಹಿತ್ತಲ ಬಾಗಿಲಿಂದ ಓಡಿ ಹೋಗ್ತೀನಿ."

"ನೀನು ಓಡಿಹೋದ್ರೆ ನಾನು ಹುಟ್ಟೋದು ಹೇಗಮ್ಮ?" ಎಂದು ಮೇಷ್ಟ್ರು ಕೂಗುತ್ತಿದ್ದ.

"ಹುಟ್ಟಿ ನೀನೇನು ಕಡಿದು ಕಟ್ಟೆ ಹಾಕಿದ್ದೀಯ?"

ಮಗಳು ಗುಬ್ಬಿ ಅದೇ ಧಾರಾವಾಹಿಗೆ ಮಾತು ಬರೆಯುವ ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯಳು. ಹಿರಿಯರು ಹೇಳಿದ್ದನ್ನು ಟೈಪು ಮಾಡುವುದು, ಅವರ ಜೋಕಿಗೆ ಮೊದಲು ನಗುವುದು, ಇಷ್ಟೇ ಅವಳ ಪಾಲಿನ ಸಾಹಿತ್ಯ. ಒಂದು ವಾರ ದೊಡ್ಡ ಬರಹಗಾರ ಕೈಕೊಟ್ಟ. ಕಥೆಗೆ ಬರ ಬಂತು. "ನನ್ನ ಹತ್ರ ಒಂದಿದೆ" ಎಂದಳು ಗುಬ್ಬಿ. ಹೀಗೆ ಅವಳ ಹೆಸರಿನ ಮೊದಲ ಕಂತು ಪ್ರಸಾರವಾಯಿತು.

"ನೋಡೋದೇನೂ ಬೇಡ, ಚೆನ್ನಾಗಿ ಬಂದಿಲ್ಲ" ಎಂದು ಅವಳು ಆವತ್ತು ಸಂಜೆಯಿಂದ ಹತ್ತು ಸಲ ಹೇಳಿದಳು. ಯಾರು ಕೇಳುತ್ತಾರೆ? ಮೇಷ್ಟ್ರು ಭಟ್ಟಿಯಿಂದ ಕೆನೆ ಬನ್ನು ಕಟ್ಟಿಸಿಕೊಂಡು ಬಂದಿದ್ದ. ಊಟದ ತಟ್ಟೆ ಹಿಡಿದೇ ನಾಲ್ವರೂ ಟೀವಿಯ ಮುಂದೆ ಕೂತರು.

ಕಥೆಯಲ್ಲಿ ಅಪ್ಪ ಭಟ್ಟಿಯವನಲ್ಲ, ಮನೆಮನೆಗೆ ಹಾಲು ಹಾಕುವವನು. ಅವನೂ ಸೂರ್ಯ ಮುಳುಗಿದ ಕೂಡಲೇ ಮಲಗುತ್ತಾನೆ. ಮನೆಯವರೆಲ್ಲ ತುದಿಗಾಲಲ್ಲಿ ಓಡಾಡುತ್ತಾರೆ, ಬೆಕ್ಕಿನ ಕಾಲಿಗೂ ಕಾಲುಚೀಲ ತೊಡಿಸಿದ್ದಾರೆ. ಅಜ್ಜಿ ತೊಡೆ ತಟ್ಟಿಕೊಂಡು ನಕ್ಕಳು. "ಥೇಟ್ ನಮ್ಮನೆ ಕಣೋ!" ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. "ಅಪ್ಪನ ಮಾನ ಹರಾಜಿಗೆ ಹಾಕಿದ್ದೀಯಲ್ಲೇ" ಎಂದು ಮಗಳ ತಲೆಗೆ ಮೊಟಕಿದ.

ಆಮೇಲೆ ಟೀವಿಯಲ್ಲಿ ಕತ್ತಲಾಯಿತು. ಜಗಳ ಆಡಿ ಹೋಗಿದ್ದ ಮಗ ತಡವಾಗಿ ಬಂದು ಹೊರಗೆ ನಿಂತ. ಬಡಿಯಲಿಲ್ಲ. ಜೇಬಿನಿಂದ ನಾಣ್ಯ ತೆಗೆದು ಬಾಗಿಲ ಚಿಲಕಕ್ಕೆ ಮೆಲ್ಲಗೆ ತಟ್ಟಿದ. ಟಿಣ್ ಟಿಣ್. ಸ್ವಲ್ಪ ತಡೆದು, ಟಿಣ್.

"ಅಪ್ಪಾ, ಒಂದ್ಸಲ ತೆಗಿಯಪ್ಪ. ಚಳಿ."

ಒಳಗೆ ಹಾಲಿನವನು ಕಣ್ಣು ತೆರೆದ. ಕೇಳಿಸಿಕೊಂಡ. "ಬುದ್ಧಿ ಕಲೀಲಿ" ಎಂದು ಮಗ್ಗುಲು ಬದಲಿಸಿದ.

ಇಸ್ತ್ರಿಯಕ್ಕನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆ ಸದ್ದು ಅವಳಿಗೆ ಗೊತ್ತು. ಆ ಮಾತಿನಲ್ಲಿ ಒಂದೇ ಒಂದು ಶಬ್ದ ಬೇರೆ, ಉಳಿದದ್ದೆಲ್ಲ ಅದೇ. ಅವಳು ಮಗಳ ಕಡೆ ನೋಡಿದಳು. ಗುಬ್ಬಿ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮುಂದಿನದೆಲ್ಲ ನಗು. ಡೊಳ್ಳುಹೊಟ್ಟೆಯವನು ಲಿಫ್ಟಿನಿಂದ ಇಳಿದು, ಕಳ್ಳನ ವೇಷ ಹಾಕಿ, ಹಾಲಿನ ಕ್ಯಾನುಗಳನ್ನೆಲ್ಲ ಉರುಳಿಸಿದ. ಹಾಲಿನವನು ದೊಣ್ಣೆ ಹಿಡಿದು ಬಾಗಿಲು ತೆಗೆದರೆ ಎದುರಿಗೆ ಮಗ. ಅಪ್ಪ ಮಗ ಸೇರಿ ಕಳ್ಳನನ್ನು ಅಟ್ಟಿಸಿಕೊಂಡು ಹೋದರು. ಕೊನೆಗೆ ಹುಡುಗ ಒಲೆಯ ಪಕ್ಕ ಕೂತು ಉಂಡ. ಅಜ್ಜಿ ಕಣ್ಣೊರೆಸಿಕೊಂಡು "ಭೇಷ್" ಅಂದಳು. ಜಾಹೀರಾತು ಬಂತು.

"ಗುಬ್ಬೀ" ಎಂದ ಮೇಷ್ಟ್ರು. "ದೊಡ್ಡು ಆವತ್ತು ಮನೆಗೆ ಬಂದಿದ್ನಾ?"

"ಅಯ್ಯೋ, ಅದು ಕಥೆ ಅಪ್ಪ. ನಗಿಸೋಕೆ ಬರೆದದ್ದು."

"ನಗು ಬಂತು" ಅಂದ ಮೇಷ್ಟ್ರು. "ಅರ್ಧದ ತನಕ."

ಅವನು ಎದ್ದು ಅಗುಳಿ ಹಾಕಿ ಮಲಗಿದ. ಗೋಡೆಯಾಚೆಗಿನ ಒಳಕೋಣೆಯಲ್ಲಿ ಇಸ್ತ್ರಿಯಕ್ಕ ಅವನ ಗೊರಕೆಗೆ ಕಾದಳು. ಅದು ಬರಲೇ ಇಲ್ಲ.

ಮರುದಿನದಿಂದ ಮನೆಯ ಲಯ ತಪ್ಪಿತು. ಎಂಟಕ್ಕೆ ಮಲಗುವವನು ಮಂಚದ ಮೇಲೆ ಎದ್ದು ಕೂತು ಬಾಗಿಲಿಗೆ ಕಿವಿ ಕೊಡತೊಡಗಿದ. ಬೀದಿಯಲ್ಲಿ ಯಾರಾದರೂ ನಡೆದರೆ "ಯಾರದು?" ಅನ್ನುತ್ತಿದ್ದ. ತಿಂದದ್ದು ಮೈಗೆ ಹತ್ತಲಿಲ್ಲ. ಒಂದು ದಿನ ಉಪ್ಪು ಹಾಕದೆ ನಾದಿದ ಹಿಟ್ಟೆಲ್ಲ ಬ್ರೆಡ್ಡಾಗಿ ಅಂಗಡಿಗಳಿಗೆ ಹೋಗಿ ಅಷ್ಟೂ ವಾಪಸು ಬಂತು. ಭಟ್ಟಿಯ ಮಾಲೀಕ ಮನೆ ತನಕ ಬಂದು, ಚಹಾ ಕುಡಿದು, "ಮೇಷ್ಟ್ರಿಗೆ ವಯಸ್ಸಾಯ್ತು ಅನ್ಸುತ್ತೆ" ಎಂದು ನಯವಾಗಿ ಹೇಳಿಹೋದ. ಮನೆಯಲ್ಲಿ ದಿನವೂ ಉಪ್ಪಿಲ್ಲದ ಬ್ರೆಡ್ಡೇ ಊಟ. ಅಜ್ಜಿ ಅದನ್ನು ಸಾರಿನಲ್ಲಿ ಅದ್ದಿ ಅದ್ದಿ "ಇದಕ್ಕಿಂತ ಗೋಣಿಚೀಲ ರುಚಿ" ಎಂದು ಗೊಣಗಿದಳು.

ರಜೆಯ ದಿನ ಮಧ್ಯಾಹ್ನ ಅವನು ಮತ್ತೂ ವಿಚಿತ್ರವಾದ ಕೆಲಸಕ್ಕೆ ಇಳಿದ. ಮಂಚದ ಮೇಲೆ ಮಲಗಿ, ಕಣ್ಣು ಮುಚ್ಚಿ, ಮಗಳನ್ನು ನಾಣ್ಯ ಕೊಟ್ಟು ಹೊರಗೆ ಕಳಿಸಿದ.

"ತಟ್ಟು."

ಗುಬ್ಬಿ ಬಾಗಿಲ ಚಿಲಕಕ್ಕೆ ತಟ್ಟಿದಳು.

"ಕೇಳಿಸ್ತು. ಇನ್ನೂ ಮೆಲ್ಲಗೆ."

ಟಿಣ್.

"ಅದೂ ಕೇಳಿಸ್ತು. ಇನ್ನೂ ಮೆಲ್ಲಗೆ ತಟ್ಟೇ!"

"ಅಪ್ಪಾ, ಬಿಸಿಲು ಸುಡ್ತಿದೆ, ಅಕ್ಕಪಕ್ಕದೋರು ನೋಡ್ತಿದ್ದಾರೆ. ಸಾಕು."

"ಅಷ್ಟು ಮೆಲ್ಲಗೆ ತಟ್ಟಿದ್ರೂ ನನಗೆ ಕೇಳಿಸುತ್ತಲ್ಲೇ" ಎಂದು ಅವನು ಎದ್ದು ಕೂತು ಹೆಂಡತಿಯ ಮುಖ ನೋಡಿದ. "ಹಾಗಿದ್ರೆ ಆವತ್ತು ಕೇಳಿಸಿರಲೇಬೇಕು. ಕೇಳಿಸಿ ನಾನು ಎದ್ದಿಲ್ಲ. ಆ ಹಾಲಿನವನ ಥರ. ನಿದ್ದೆಗಣ್ಣಲ್ಲಿ ಮಗ್ಗುಲು ಬದಲಿಸಿ, ಬೆಳಿಗ್ಗೆ ಹೊತ್ತಿಗೆ ಮರೆತೇ ಹೋಗಿದೆ. ಮರೆಯೋದುಂಟೇನೇ ಅಂಥದ್ದನ್ನ?"

"ನಿಮಗೇನು ಹುಚ್ಚಾ? ಅದು ಟೀವಿ" ಎಂದಳು ಇಸ್ತ್ರಿಯಕ್ಕ. ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು.

ಆ ಸಂಜೆ ತಾಯಿ ಮಗಳು ಅಡುಗೆಮನೆಯಲ್ಲಿ ಮುಖಾಮುಖಿಯಾದರು. ಗುಬ್ಬಿ ತರಕಾರಿ ಹೆಚ್ಚುತ್ತಿದ್ದಳು. ಇಸ್ತ್ರಿಯಕ್ಕ ಬಾಗಿಲು ಮುಂದೆ ಮಾಡಿ ನಿಂತಳು.

"ನೀನು ಎಚ್ಚರ ಇದ್ದೆ."

ಚಾಕು ನಿಂತಿತು. "ನೀನೂ ಇದ್ದೆ" ಎಂದಳು ಗುಬ್ಬಿ.

"ನಿನಗಾಗ ಎಷ್ಟು ವಯಸ್ಸು? ಮಗು ನೀನು. ನಿದ್ದೆ ಬಂದಿದೆ ಅಂದ್ಕೊಂಡಿದ್ದೆ."

"ನಿನ್ನ ಹಿಂದೆ ಮಲಗಿದ್ದೆ. ಅಣ್ಣ ಕಿಟಕಿ ಸರಳಿಗೆ ತಟ್ಟಿದಾಗಿಂದ ನಿನ್ನ ಬೆನ್ನನ್ನೇ ನೋಡ್ತಿದ್ದೆ. ಈಗ ಅಲ್ಲಾಡುತ್ತೆ, ಈಗ ಏಳ್ತಾಳೆ ಅಂತ. ನಾನೇ ಏಳ್ಬಹುದಿತ್ತು. ಅಮ್ಮ ಎದ್ದಿಲ್ಲ ಅಂದ್ರೆ ಏಳ್ಬಾರ್ದು ಅಂತಿರ್ಬೇಕು ಅಂದ್ಕೊಂಡೆ."

ಇಷ್ಟು ವರ್ಷ ತನ್ನ ಬೆನ್ನಿಗೆ ಎರಡು ಕಣ್ಣಿದ್ದವು ಎಂದು ಇಸ್ತ್ರಿಯಕ್ಕನಿಗೆ ಗೊತ್ತಿರಲಿಲ್ಲ.

"ಅವನು ಕರೆದದ್ದು ಅಮ್ಮಾ ಅಂತ" ಎಂದಳು. "ನೀನು ಅಪ್ಪಾ ಅಂತ ಯಾಕೆ ಬರೆದೆ?"

"ನಿನ್ನ ಉಳಿಸೋಣ ಅಂತ." ಗುಬ್ಬಿಗೆ ಅಳು ಬಂತು, ಅಳುವಿನಲ್ಲೇ ಸಿಟ್ಟೂ ಬಂತು. "ಎಷ್ಟೋ ವರ್ಷದಿಂದ ನನ್ನ ಕಿವೀಲಿ ಅದೇ ಕೇಳ್ತಿದೆ. ಎಲ್ಲಾದ್ರೂ ಒಂದು ಕಡೆ, ಸುಳ್ಳಾಗಾದ್ರೂ, ಬಾಗಿಲು ತೆಗೀಲಿ, ಅಣ್ಣ ಊಟ ಮಾಡ್ಲಿ ಅನ್ನಿಸ್ತು. ಅಪ್ಪನಿಗೆ ನಿದ್ದೆ ಬಂದಿತ್ತು, ಅಪ್ಪನಿಗೆ ಏನೂ ಗೊತ್ತಿಲ್ಲ. ಗೊತ್ತಿಲ್ದೋರ ಮೇಲೆ ಹಾಕಿದ್ರೆ ಯಾರಿಗೂ ನೋವಾಗಲ್ಲ ಅಂದ್ಕೊಂಡೆ."

"ನನ್ನ ಉಳಿಸೋಕೆ ಹೋಗಿ ಅವರನ್ನ ಕೊಲ್ತಿದ್ದೀಯಲ್ಲೇ."

"ಹಾಗಿದ್ರೆ ನಾನೇ ಹೇಳ್ತೀನಿ ಅಪ್ಪನಿಗೆ."

"ಬೇಡ." ಇಸ್ತ್ರಿಯಕ್ಕ ಮಗಳ ಕೈಯಿಂದ ಚಾಕು ತೆಗೆದುಕೊಂಡು ತಾನೇ ಹೆಚ್ಚತೊಡಗಿದಳು. "ಹೇಳಿದ್ರೆ, ಮಗ ಕೆಲಸಕ್ಕೆ ಬರ್ತಿದ್ದ ಅಂತ ಅವರ ಹತ್ರ ಉಳಿದಿರೋದು ಅದೊಂದೇ ಮಾತು, ಅದೂ ಹೋಗುತ್ತೆ. ಅದನ್ನ ಕಿತ್ಕೊಂಡು ಏನು ಕೊಡ್ತೀಯ?"

ಆ ರಾತ್ರಿಯ ಊಟ ಒಬ್ಬರೂ ಸರಿಯಾಗಿ ಮಾಡಲಿಲ್ಲ.

ಕೊನೆಗೆ ಇಸ್ತ್ರಿಯಕ್ಕನ ಬಾಯಿ ಬಿಡಿಸಿದ್ದು ಭಟ್ಟಿಯ ಬೆಂಕಿ. ನಿದ್ದೆಗೆಟ್ಟು ತೂಕಡಿಸುತ್ತಿದ್ದ ಮೇಷ್ಟ್ರು ಕಾದ ತಟ್ಟೆಗಳನ್ನು ಎಳೆಯುವಾಗ ಮುಗ್ಗರಿಸಿ ಒಲೆಯ ಬಾಯಿಗೇ ಕೈ ಊರಿದ. ಮೊಣಕೈ ತನಕ ಸುಟ್ಟಿತು. ಜೊತೆಯವನು ಹಿಂದಿನಿಂದ ಅಂಗಿ ಹಿಡಿದು ಎಳೆಯದಿದ್ದರೆ ಮುಖವೂ ಹೋಗುತ್ತಿತ್ತು. ಇಸ್ತ್ರಿಯಕ್ಕ ಕೆಲಸದಲ್ಲಿದ್ದಾಗ ಗಂಡನನ್ನು ಅದೇ ಆಸ್ಪತ್ರೆಗೆ ತಂದರು. ತಾನು ಇಸ್ತ್ರಿ ಹಾಕಿದ ಹೊದಿಕೆಯ ಮೇಲೆ ಅವನು ಕೂತಿದ್ದ, ಕಣ್ಣು ಗುಳಿಬಿದ್ದು.

ಮನೆಗೆ ಕರೆತಂದು, ಒಂದು ಮೊಟ್ಟೆ ಬೇಯಿಸಿ, ಬ್ರೆಡ್ಡು ಮುರಿದು ಅವಳೇ ಬಾಯಿಗಿಟ್ಟಳು. ನಡುಹಗಲು. ಅಜ್ಜಿ ಮುಂದಿನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ನಿಮಗೆ ಕೇಳಿಸಿಲ್ಲ" ಅಂದಳು ಇಸ್ತ್ರಿಯಕ್ಕ. "ನಿಮಗೆ ಕೇಳಿಸೋ ಹಾಗೇ ಇರಲಿಲ್ಲ. ಅವನು ಬಾಗಿಲಿಗೆ ಬರಲೇ ಇಲ್ಲ. ಪಕ್ಕದ ಓಣಿಯಿಂದ ಬಂದು ಒಳಕೋಣೆಯ ನಮ್ಮ ಕಿಟಕಿಗೆ ತಟ್ಟಿದ."

ಮೇಷ್ಟ್ರು ಅಗಿಯುವುದನ್ನು ನಿಲ್ಲಿಸಿದ.

"ಅಪ್ಪಾ ಅನ್ನಲಿಲ್ಲ. ಅಮ್ಮಾ ಅಂದ. ಅಮ್ಮಾ, ಒಂದ್ಸಲ ತೆಗಿಯಮ್ಮ, ಚಳಿ ಅಂದ."

"ನೀನು?"

"ಎಚ್ಚರ ಇದ್ದೆ."

"ಎದ್ಯಾ?"

"ಇಲ್ಲ."

ಹೊರಗೆ ಅಜ್ಜಿ ಬಟ್ಟೆ ಜಾಡಿಸುವ ಸದ್ದು ಬರುತ್ತಿತ್ತು. ಇಸ್ತ್ರಿಯಕ್ಕ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಬಾಯಿ ಬಾರದು ಎಂದು ಅವಳಿಗೆ ಗೊತ್ತಿತ್ತು.

"ಅಗುಳಿ ತೆಗೆದ್ರೆ ನೀವು ಏಳ್ತೀರ, ಎದ್ರೆ ಬೆಳಗಿನ ಜಗಳ ಮುಂದುವರಿಯುತ್ತೆ ಅಂದ್ಕೊಂಡೆ. ಹೋಗ್ಲಿ, ಭಟ್ಟಿಗೆ ಹೋಗ್ತಾನೆ, ಬಿಸಿ ಗೋಡೆ ಇದೆ. ನೀವು ಹೋದಾಗ ಸಿಗ್ತಾನೆ. ಕೈಗೆ ಬ್ರೆಡ್ಡು ಕೊಡ್ತೀರ, ಅಲ್ಲಿಗೆ ಅಪ್ಪ ಮಗ ಒಂದಾಗ್ತೀರ. ಮಲಗಿದಲ್ಲಿಂದಲೇ ಅಷ್ಟೆಲ್ಲ ಹೊಂದಿಸಿ ಇಟ್ಟಿದ್ದೆ ನಾನು. ಏಳೋದೊಂದು ಬಿಟ್ಟು."

"ಎಷ್ಟು ಸಲ ಕರೆದ?"

"ಎರಡು ಸಲ."

"ಆಮೇಲೆ?"

"ಚಪ್ಪಲಿ ಸದ್ದು. ದೂರ ಹೋಯ್ತು."

ಅವನು ಸುಡದ ಕೈಯಿಂದ ತಟ್ಟೆಯ ಅಂಚಿನ ಬ್ರೆಡ್ಡಿನ ಚೂರುಗಳನ್ನು ಒಟ್ಟು ಮಾಡಿದ. "ಗುಬ್ಬಿಗೆ ಹೇಗೆ ಗೊತ್ತಾಯ್ತು?"

"ನಾನೇ ಒಮ್ಮೆ ಬಾಯಿತಪ್ಪಿ ಹೇಳಿದ್ದೆ" ಎಂದಳು ಇಸ್ತ್ರಿಯಕ್ಕ. ಒಂದು ಸುಳ್ಳು ಹೋದ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಇದಕ್ಕೆ ಮಾತ್ರ ಅವಳಿಗೆ ನಾಚಿಕೆಯಾಗಲಿಲ್ಲ.

ಅವನು ಬಯ್ಯುತ್ತಾನೆ, ತಟ್ಟೆ ಎಸೆಯುತ್ತಾನೆ ಎಂದು ಕಾದಳು. ಎಸೆದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಮೇಷ್ಟ್ರು ಒಟ್ಟು ಮಾಡಿದ ಚೂರುಗಳನ್ನು ತಟ್ಟೆಯ ನಡುವಿಗೆ ತಳ್ಳಿದ.

"ಹಾಗಾದ್ರೆ ಅವನು ಕೆಲಸಕ್ಕೆ ಬರ್ತಿರಲಿಲ್ಲ" ಅಂದ.

"ನಿಮ್ಮ ಹತ್ರಾನೇ ಬರ್ತಿದ್ದ" ಎಂದು ತೊದಲಿದಳು. "ಇನ್ನೆಲ್ಲಿಗೆ..."

"ಸುಮ್ನಿರೇ. ಮಲಗೋಕೆ ಜಾಗ ಹುಡುಕ್ಕೊಂಡು ಹೊರಟಿದ್ದ."

ಅಷ್ಟೇ. ಅವನು ಮಂಚಕ್ಕೆ ಹೋಗಿ ಗೋಡೆ ಕಡೆ ತಿರುಗಿ ಬಿದ್ದುಕೊಂಡ. ವಾರಗಳಿಂದ ಬಾರದಿದ್ದ ನಿದ್ದೆ ಕಡಿದ ಮರ ಬಿದ್ದ ಹಾಗೆ ಬಂತು. ಆ ಹಗಲು, ಆ ರಾತ್ರಿ, ಮರುದಿನ ಮಧ್ಯಾಹ್ನದ ತನಕ ಮಲಗಿದ. ಆ ಗೊರಕೆ ಕೇಳುತ್ತಾ ಇಸ್ತ್ರಿಯಕ್ಕ ಅತ್ತಳು. ಗಂಡನನ್ನು ಉಳಿಸಿಕೊಂಡೆನೋ ಕಳೆದುಕೊಂಡೆನೋ ಅವಳಿಗೆ ತಿಳಿಯಲಿಲ್ಲ.

ಎದ್ದ ಮೇಲೆ ಅವನು ಅವಳ ಜೊತೆ ಮಾತು ಬಿಟ್ಟ. ಜಗಳವಿಲ್ಲ, ಚುಚ್ಚು ಮಾತಿಲ್ಲ, ಮಾತೇ ಇಲ್ಲ. ಏನು ಬೇಕಾದರೂ ಅಜ್ಜಿಯ ಮೂಲಕ ಕೇಳುತ್ತಿದ್ದ. ಕಿವುಡಿಯನ್ನು ರಾಯಭಾರಿ ಮಾಡಿದರೆ ಹೇಗಿರುತ್ತದೆ?

"ಅಮ್ಮಾ, ಉಪ್ಪು ಕೊಡೋಕೆ ಹೇಳು!"

"ಸೊಪ್ಪಾ? ಸೊಪ್ಪು ಇವತ್ತು ಮಾಡಿಲ್ಲ ಕಣೋ."

"ಉಪ್ಪು! ಉಪ್ಪು!"

ಇಸ್ತ್ರಿಯಕ್ಕ ತಾನೇ ಉಪ್ಪಿನ ಬಟ್ಟಲು ಸರಿಸುತ್ತಿದ್ದಳು. ಅವನು ಬಟ್ಟಲು ತೆಗೆದುಕೊಳ್ಳುತ್ತಿದ್ದ, ಕೊಟ್ಟ ಕೈಯನ್ನು ನೋಡುತ್ತಿರಲಿಲ್ಲ. ಬೇರೆ ಹೊತ್ತಿನಲ್ಲಿ ಆಗಿದ್ದರೆ ಮನೆಯವರೆಲ್ಲ ಹೊಟ್ಟೆ ಹಿಡಿದು ನಗಬಹುದಾಗಿದ್ದ ಸಂಗತಿ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ" ಎಂದು ಅಜ್ಜಿ ಗೊಣಗಿದಳು. "ಇವರದು ಎಷ್ಟು ಸಲ ಉಂಡ್ರೂ ಮುಗೀತಿಲ್ಲ." ಕೈ ಒಣಗುವ ತನಕ ಅವನಿಗೆ ರಜೆ. ಆದರೂ ಎಂಟಕ್ಕೆ ಮಲಗುತ್ತಿದ್ದ, ಗೊರಕೆ ಹೊಡೆಯುತ್ತಿದ್ದ. ನಿದ್ದೆಗೆಡುವ ಸರದಿ ಈಗ ಅವಳದು. ಕಿಟಕಿಯ ಸರಳು ಗಾಳಿಗೆ ಸದ್ದು ಮಾಡುವುದಿಲ್ಲ, ಅಷ್ಟು ಗೊತ್ತಿದ್ದೂ ಅವಳಿಗೆ ಕೇಳಿಸುತ್ತಿತ್ತು. ಒಮ್ಮೆ ಎದ್ದು ಹೋಗಿ ಕಿಟಕಿ ತೆರೆದೂ ನೋಡಿದಳು. ಓಣಿಯಲ್ಲಿ ಯಾರೂ ಇರಲಿಲ್ಲ. ಇಷ್ಟು ಸುಲಭವಾಗಿತ್ತೇ ಏಳುವುದು ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಕೈಯ ಪಟ್ಟಿ ಬಿಚ್ಚಿ ಅವನು ಮತ್ತೆ ಕೆಲಸಕ್ಕೆ ಹೋಗಲಾರಂಭಿಸಿದ ವಾರ, ರಜೆಯ ದಿನ, ಮೂವರು ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಇಸ್ತ್ರಿಯಕ್ಕ ನಿಂತು ಬಡಿಸುತ್ತಿದ್ದಳು. ಗುಬ್ಬಿ ಅನ್ನ ಕಲಸುತ್ತಾ, ತಲೆ ತಗ್ಗಿಸಿಯೇ, ಹೇಳಬೇಕೋ ಬೇಡವೋ ಎಂಬ ಹಾಗೆ ಹೇಳಿದಳು.

"ಆ ಕಂತು ತುಂಬಾ ಜನ ನೋಡಿದ್ರಂತೆ. ಅದೇ ಮನೆದು ಇನ್ನೊಂದು ಬರಿ ಅಂತಿದ್ದಾರೆ. ಆಗಲ್ಲ ಅಂದೆ."

"ಯಾಕಾಗಲ್ಲ?" ಎಂದ ಮೇಷ್ಟ್ರು.

"ಬೇಡ ಅಪ್ಪ. ಒಂದ್ಸಲ ಬರೆದು ಆದದ್ದು ಸಾಕು."

"ಬರಿ. ಈ ಸಲ ಸರಿಯಾಗಿ ಬರಿ." ಅವನು ತುತ್ತು ಕೆಳಗಿಟ್ಟ. "ಹಾಲಿನವನು ಗೀಲಿನವನು ಬೇಡ. ಭಟ್ಟಿಯವನು ಅಂತಲೇ ಬರಿ. ಬಾಗಿಲ ತಂಟೆಗೆ ಹೋಗ್ಬೇಡ. ಕಿಟಕಿ ತಂಟೆಗೂ ಹೋಗ್ಬೇಡ. ನಿಮ್ಮ ಡೊಳ್ಳುಹೊಟ್ಟೆಯವನು ಲಿಫ್ಟಲ್ಲಿ ಇಳಿದು ನೆಟ್ಟಗೆ ರಸ್ತೆಗೆ ಹೋಗ್ಲಿ. ಲಾರಿ ಮುಂದೆ ನಿಂತು ಏನಾದ್ರೂ ಕೋತಿಯಾಟ ಆಡ್ಲಿ, ಅದು ಅವನಿಗೆ ಬರುತ್ತಲ್ಲ. ಲಾರಿ ನಿಲ್ಲಲಿ. ಹುಡುಗ ಭಟ್ಟಿಗೆ ಬಂದು ಮುಟ್ಲಿ. ಒಲೆ ಹಚ್ಲಿ. ನಾನು ಹೋಗಿ ನೋಡ್ತೀನಿ, ಒಳಗೆ ಬೆಳಕಿದೆ..."

ಅವನು ಲೋಟ ಎತ್ತಿದ. ನೀರು ಕುಡಿದ.

"ಹುಡುಗ ಭಟ್ಟಿಗೆ ಯಾಕೆ ಹೊರಟ ಅಂತ ಬರೀಲಿ, ಅಪ್ಪ?" ಗುಬ್ಬಿ ಪಿಸುಗುಟ್ಟಿದಳು.

"ಯಾಕೆ ಅಂದ್ರೆ? ಕೆಲಸಕ್ಕೆ. ಬೆಳಿಗ್ಗೆ ಜಗಳ ಆಡಿದ್ದ, ಸಂಜೆಗೆ ಮನಸು ಬದಲಾಯ್ತು. ನನ್ನ ಹತ್ರ ಕೆಲಸಕ್ಕೆ ಬರ್ತಿದ್ದ."

ಆಮೇಲೆ ಅವನು ತಲೆ ಎತ್ತಿ, ಎಷ್ಟೋ ದಿನಗಳ ಮೇಲೆ, ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷ ಅವನು ಆ ಮಾತನ್ನು ಊರಿಗೆಲ್ಲ ಹೇಳಿದ್ದ. ಅವಳನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

"ಅಲ್ವೇನೇ?"

ಇಸ್ತ್ರಿಯಕ್ಕನ ಕೈಯಲ್ಲಿ ಅನ್ನದ ಪಾತ್ರೆ. ಅವನ ಕಣ್ಣಿನಲ್ಲಿ ಸಿಟ್ಟು ಹುಡುಕಿದಳು, ಸಿಗಲಿಲ್ಲ. ಅವನು ನಿಜವಾಗಿಯೂ ಕೇಳುತ್ತಿದ್ದ. ಮಗಳು ತಟ್ಟೆ ನೋಡುತ್ತಿದ್ದಳು. ಅಜ್ಜಿ ಒಬ್ಬೊಬ್ಬರ ತುಟಿಯನ್ನೂ ನೋಡುತ್ತಾ, ಏನು ನಡೆಯುತ್ತಿದೆ ಎಂದು ತಿಳಿಯದೆ ಕಿವಿಗೆ ಕೈ ಹಿಡಿದಿದ್ದಳು.

"ಹೌದು" ಎಂದಳು ಇಸ್ತ್ರಿಯಕ್ಕ.

"ಜೋರಾಗಿ ಹೇಳು. ಅಮ್ಮನಿಗೆ ಕೇಳಿಸಲಿಲ್ಲ."

"ಹೌದು" ಎಂದು ಅವಳು ಕೂಗಿದಳು. "ಅವನು ಕೆಲಸಕ್ಕೆ ಬರ್ತಿದ್ದ."

ಮೇಷ್ಟ್ರು ತಟ್ಟೆಯನ್ನು ಅವಳ ಕಡೆಗೆ ಸರಿಸಿದ.

"ಅನ್ನ ಹಾಕು" ಅಂದ.